ತೆಳು ಪೈಪಿಗೆ ತೂತು ಬೀಳದಂತೆ ಆರ್ಗಾನ್ ವೆಲ್ಡಿಂಗ್: ಮೊದಲ ಟ್ಯಾಕ್‌ನಿಂದ ಪೂರ್ತಿ ಸುತ್ತಿನವರೆಗೆ

ಬೆಳಗಾವಿಯ ಉದ್ಯಮಬಾಗ, ಮಚ್ಛೆ ಕಡೆಯ ಶೆಡ್‌ಗಳಲ್ಲಿ ರಾಡ್ ವೆಲ್ಡಿಂಗ್‌ನಲ್ಲಿ ಪಳಗಿದ ಕೈಗಳಿಗೆ ಬರವಿಲ್ಲ. 5 ಎಂಎಂ ಆ್ಯಂಗಲ್, 8 ಎಂಎಂ ಪ್ಲೇಟ್, ಟ್ರೇಲರ್‌ನ ಚಾಸಿ, ಏನು ಕೊಟ್ಟರೂ ಸಲೀಸಾಗಿ ಕೂಡಿಸುತ್ತಾರೆ. ಅದೇ ಕೈಗೆ 1.2 ಎಂಎಂ ಗೋಡೆಯ ಸ್ಟೀಲ್ ಪೈಪ್ ಮತ್ತು ಟಿಗ್ ಟಾರ್ಚ್ (ಟಂಗ್‌ಸ್ಟನ್ ಕಡ್ಡಿಯ ಆರ್ಕ್‌ನಿಂದ ಲೋಹ ಕರಗಿಸಿ, ಆರ್ಗಾನ್ ಹೊದಿಸುವ ವೆಲ್ಡಿಂಗ್‌ನದು) ಕೊಟ್ಟು ನೋಡಿ, ಮೊದಲ ದಿನವೇ ತೂತು. ಮರುದಿನ ಕರೆಂಟ್ ಇಳಿಸಿ ಕೂರುತ್ತಾರೆ, ತೂತು ಇನ್ನೂ ಅಗಲ. ಅದರ ಮರುದಿನ ಇನ್ನಷ್ಟು ಇಳಿಸುತ್ತಾರೆ. ಕೊನೆಗೆ ‘ತೆಳು ಪೈಪ್ ನಮ್ಮ ಕೈಗೆ ಹತ್ತೋದಿಲ್ಲ’ ಅಂತ ಕೈಬಿಡುತ್ತಾರೆ. ರೇಲಿಂಗ್, ಹಾಲಿನ ಡೇರಿಯ ಲೈನ್, ಆಹಾರ ತಯಾರಿಕೆಯ ಮಷಿನ್‌ಗಳ ಚೌಕಟ್ಟು, ಸೈಕಲ್ ಫ್ರೇಮ್‌ನಂಥ ಒಳ್ಳೆಯ ದುಡಿಮೆಯ ಕೆಲಸಗಳು ಹೀಗೆ ಕೈತಪ್ಪಿ ಹೋಗುವುದು ನೋಡಿದರೆ ಸಂಕಟವಾಗುತ್ತದೆ. ತಪ್ಪು ಅವರ ಕೈಯಲ್ಲಿಲ್ಲ, ಕರೆಂಟ್ ಬಗ್ಗೆ ಅವರಿಗಿರುವ ನಂಬಿಕೆಯಲ್ಲಿದೆ.

ತೆಳು ಪೈಪಿಗೆ ತೂತು ಬೀಳುವುದು ಹೆಚ್ಚಾಗಿ ಮೂರು ಕಾರಣಗಳಿಂದ: ಒಂದೇ ಕಡೆ ಬಹಳ ಹೊತ್ತು ನಿಲ್ಲುವುದು, ಜಾಯಿಂಟಿನಲ್ಲಿ ಸಂದಿ ಇರುವುದು, ಆರ್ಕ್ (ಕಡ್ಡಿಯ ಮೊನೆಗೂ ಲೋಹಕ್ಕೂ ನಡುವೆ ಉರಿಯುವ ಕಿಡಿ) ಉದ್ದವಾಗುವುದು. ಕರೆಂಟ್ ಇವುಗಳ ನಂತರದ ಮಾತು.

ಲೆಕ್ಕ ಹಾಕಿ ನೋಡಿ

ಪೈಪಿನ ಪ್ರತಿ ಮಿಲಿಮೀಟರಿಗೆ ಎಷ್ಟು ಶಾಖ ಇಳಿಯುತ್ತದೆ ಅನ್ನುವುದು ವೋಲ್ಟ್, ಆಂಪ್ ಎರಡನ್ನೂ ಗುಣಿಸಿ, ಟಾರ್ಚ್ ಸಾಗುವ ವೇಗದಿಂದ ಭಾಗಿಸಿದರೆ ಸಿಗುತ್ತದೆ. ಸಣ್ಣ ಟಿಗ್ ಆರ್ಕ್‌ಗೆ ಸುಮಾರು 10 ವೋಲ್ಟ್ ಹಿಡಿಯೋಣ. 50 ಆಂಪ್ ಇಟ್ಟುಕೊಂಡು ಸೆಕೆಂಡಿಗೆ 2 ಎಂಎಂ ಸಾಗಿದರೆ ಪ್ರತಿ ಎಂಎಂಗೆ 250 ಜೌಲ್. ಹೆದರಿಕೊಂಡು 35 ಆಂಪ್‌ಗೆ ಇಳಿಸಿ, ಪೂಲ್ (ಕರಗಿದ ಲೋಹದ ಮಡು) ಕಟ್ಟಲೆಂದು ಕಾಯುತ್ತಾ ಸೆಕೆಂಡಿಗೆ 1 ಎಂಎಂ ಸಾಗಿದರೆ 350 ಜೌಲ್. ಕರೆಂಟ್ ಕಡಿಮೆ, ಆದರೆ ಪೈಪಿಗೆ ಇಳಿದ ಶಾಖ ಹೆಚ್ಚು. ಸಣ್ಣ ಉರಿಯ ಹೆಂಚಿನ ಮೇಲೆ ಬಹಳ ಹೊತ್ತು ಬಿಟ್ಟ ಜೋಳದ ರೊಟ್ಟಿ ಉಬ್ಬದೆ ಒಣಗಿ ಬಿರುಸಾಗುವುದೂ, ಕಾದ ಹೆಂಚಿನ ಮೇಲೆ ಬೇಗ ತಿರುವಿದ್ದು ಮೆತ್ತಗೆ ಉಬ್ಬುವುದೂ ಇದೇ ಲೆಕ್ಕ.

ಪೈಪಿನಲ್ಲಿ ಇನ್ನೊಂದು ತೊಂದರೆಯಿದೆ. ತಗಡಿನಲ್ಲಿ ಶಾಖ ನಾಲ್ಕೂ ಕಡೆ ಹರಿದು ಹೋಗುತ್ತದೆ. ಪೈಪ್ ಸುತ್ತಿನದು, ನೀವು ಮುಂದೆ ಸಾಗಿದಂತೆ ಶಾಖ ನಿಮಗಿಂತ ಮುಂಚೆಯೇ ಆ ಕಡೆಯಿಂದ ಬಂದು ಕಾಯುತ್ತಿರುತ್ತದೆ. ಮೊದಲ ಕಾಲು ಸುತ್ತಿನಲ್ಲಿ ಸರಿಯಾಗಿದ್ದ ಕರೆಂಟ್ ಕೊನೆಯ ಕಾಲು ಸುತ್ತಿನಲ್ಲಿ ಹೆಚ್ಚಾಗುವುದು ಅದಕ್ಕೇ. ಸ್ಟೇನ್‌ಲೆಸ್ ಆದರೆ ಇನ್ನೂ ಕಷ್ಟ: ಶಾಖವನ್ನು ಸಾಗಿಸುವ ಗುಣ ಮೈಲ್ಡ್ ಸ್ಟೀಲಿನ ಸುಮಾರು ಮೂರನೇ ಒಂದು ಪಾಲು, ಹಿಗ್ಗುವ ಗುಣ ಒಂದೂವರೆ ಪಟ್ಟಿಗೆ ಹತ್ತಿರ. ಶಾಖ ನಿಂತಲ್ಲೇ ನಿಲ್ಲುತ್ತದೆ, ಪೈಪ್ ಸೊಟ್ಟಾಗುತ್ತದೆ.

ಹಾಗಂತ ಹೆದರಬೇಕಿಲ್ಲ. ಈ ವಿದ್ಯೆ ಬೆಳೆದದ್ದೇ ಹಗುರ ಲೋಹದ ಕೆಲಸಕ್ಕಾಗಿ. 1940ರ ದಶಕದ ಆರಂಭದಲ್ಲಿ ಅಮೆರಿಕದ ನಾರ್ತ್‌ರಾಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್, ವಿಮಾನದ ಮೆಗ್ನೀಸಿಯಂ ಭಾಗಗಳನ್ನು ಕೂಡಿಸಲು ಟಂಗ್‌ಸ್ಟನ್ ಕಡ್ಡಿ ಮತ್ತು ಹೀಲಿಯಂ ಅನಿಲ ಬಳಸಿ ಇದನ್ನು ಬೆಳೆಸಿದರು. 1942ರಲ್ಲಿ ಪೇಟೆಂಟ್ ಸಿಕ್ಕಿತು. ಇಂದು ನಾವು ಹೀಲಿಯಂ ಬದಲು ಆರ್ಗಾನ್ ಬಳಸುತ್ತೇವೆ, ಉಳಿದದ್ದು ಹೆಚ್ಚು ಬದಲಾಗಿಲ್ಲ.

ಪೈಪ್ ತರುವಾಗ

ಅಂಗಡಿಯಲ್ಲಿ ಪೈಪ್ ಗೇಜ್ ಲೆಕ್ಕದಲ್ಲಿ ಸಿಗುತ್ತದೆ. 16 ಗೇಜ್ ಅಂದರೆ ಸುಮಾರು 1.6 ಎಂಎಂ, 18 ಅಂದರೆ 1.2, 20 ಅಂದರೆ 0.9, 22 ಅಂದರೆ 0.7. ಗೇಜ್ ಸಂಖ್ಯೆ ಏರಿದಂತೆ ಗೋಡೆ ತೆಳ್ಳಗಾಗುತ್ತದೆ. ಹೇಳಿದ ಗೇಜ್ ಮತ್ತು ಬಂದ ಪೈಪ್ ಒಂದೇ ಇರುತ್ತವೆ ಅಂತ ನಂಬಬೇಡಿ, ತುದಿಯ ಬರ್ (ಕತ್ತರಿಸಿದಾಗ ಏಳುವ ಚೂಪು ಅಂಚು) ತೆಗೆದು ವರ್ನಿಯರ್ ಹಿಡಿಯಿರಿ. 0.2 ಎಂಎಂ ವ್ಯತ್ಯಾಸ ದಪ್ಪ ಕೆಲಸದಲ್ಲಿ ಲೆಕ್ಕಕ್ಕಿಲ್ಲ, ಇಲ್ಲಿ 8 ಆಂಪ್ ವ್ಯತ್ಯಾಸ ಮಾಡುತ್ತದೆ.

ಕಲಿಯಲು 16 ಗೇಜಿನ ಮೈಲ್ಡ್ ಸ್ಟೀಲ್ ಪೈಪ್ ತನ್ನಿ, ಹೊರ ವ್ಯಾಸ 38 ಅಥವಾ 50 ಎಂಎಂ ಇರಲಿ. ಸಣ್ಣ ವ್ಯಾಸದ ಪೈಪಿನಲ್ಲಿ ಕೈ ಬೇಗ ಬೇಗ ತಿರುಗಬೇಕು, ಅದು ಆಮೇಲೆ. ಜಿಐ ಪೈಪ್ ಬೇಡವೇ ಬೇಡ. ಮೇಲಿನ ಸತು ಸುಟ್ಟು ಬರುವ ಬಿಳಿ ಹೊಗೆ ಪೂಲ್ ಅನ್ನೂ ಟಂಗ್‌ಸ್ಟನ್ ಅನ್ನೂ ಕೆಡಿಸುತ್ತದೆ, ಅದನ್ನು ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಮಷಿನ್, ಟಂಗ್‌ಸ್ಟನ್, ಗ್ಯಾಸ್

200 ಆಂಪ್‌ನ ಇನ್ವರ್ಟರ್ ವೆಲ್ಡಿಂಗ್ ಮಷಿನ್ ಸಾಕು. ಮೇಲಿನ ಆಂಪ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ; ತೆಳು ಪೈಪಿಗೆ ಕೇಳಬೇಕಾದದ್ದು ಕೆಳಗಿನ ಆಂಪ್ ಎಷ್ಟು ಅಂತ. 10 ಆಂಪ್‌ನಲ್ಲಿ ಆರ್ಕ್ ಅಲುಗದೆ ನಿಲ್ಲಬೇಕು. ಟಂಗ್‌ಸ್ಟನ್ ಮುಟ್ಟಿಸದೆ ಆರ್ಕ್ ಹೊತ್ತುವ ಎಚ್‌ಎಫ್ ಸ್ಟಾರ್ಟ್ ಇರಲಿ. ಗೀರಿ ಹೊತ್ತಿಸುವ ಮಷಿನ್‌ನಲ್ಲಿ ತೆಳು ಪೈಪ್ ಕಲಿಯುವುದು ಕೈಗೂ ಕಣ್ಣಿಗೂ ಶಿಕ್ಷೆ. ಕಾಲಿನ ಪೆಡಲ್ ಸಿಕ್ಕರೆ ತಪ್ಪದೆ ಕೊಳ್ಳಿರಿ. ನನ್ನ ಮಟ್ಟಿಗೆ ಎರಡನೇ ಹೆಲ್ಮೆಟ್‌ಗಿಂತ, ದುಬಾರಿ ಟಾರ್ಚ್‌ಗಿಂತ ಮೊದಲು ಹಣ ಹಾಕಬೇಕಾದದ್ದು ಪೆಡಲ್ ಮೇಲೆ. ಪೆಡಲ್ ಇಲ್ಲದಿದ್ದರೆ, ಟಾರ್ಚಿನ ಗುಂಡಿ ಒಮ್ಮೆ ಒತ್ತಿ ಬಿಟ್ಟರೂ ಆರ್ಕ್ ಉಳಿದು ಮತ್ತೆ ಒತ್ತಿ ಬಿಟ್ಟಾಗ ಆರುವ 4ಟಿ ಮೋಡ್‌ನಲ್ಲಿ ಶುರುವಿನ ಕರೆಂಟ್ 20 ಆಂಪ್, ಕೊನೆಯ ಇಳಿಕೆ 3 ಸೆಕೆಂಡ್ ಇಟ್ಟುಕೊಳ್ಳಿ.

ಟಾರ್ಚ್ ಮೈನಸ್‌ಗೆ, ಅರ್ತ್ ಪ್ಲಸ್‌ಗೆ. ರಾಡ್ ವೆಲ್ಡಿಂಗ್‌ನಲ್ಲಿ ಹೋಲ್ಡರ್ ಪ್ಲಸ್‌ಗೆ ಹಾಕಿ ರೂಢಿಯಾದವರು ಇಲ್ಲಿ ಎಡವುತ್ತಾರೆ. ತಿರುಗಾಮುರುಗಾ ಆದರೆ ಶಾಖದ ದೊಡ್ಡ ಪಾಲು ಟಂಗ್‌ಸ್ಟನ್‌ಗೆ ಹೋಗಿ, ಮೊನೆ ಕ್ಷಣದಲ್ಲಿ ಗುಂಡಾಗಿ ಉದುರುತ್ತದೆ. ಅಲ್ಯೂಮಿನಿಯಂ ಕೆಲಸಕ್ಕೆ ಎಸಿ ಬೇಕು, ಆ ದಾರಿಯೇ ಬೇರೆ.

ಟಾರ್ಚ್ ಚಿಕ್ಕದಿರಲಿ. ಡಬ್ಲ್ಯೂಪಿ-26 ಮಾದರಿ ಕೈಗೆ ಭಾರ. 17 ಆಗಬಹುದು, 9 ಸಿಕ್ಕರೆ ಇನ್ನೂ ಒಳ್ಳೆಯದು. ಟಂಗ್‌ಸ್ಟನ್ 1.6 ಎಂಎಂ, 20 ಗೇಜ್‌ಗಿಂತ ತೆಳ್ಳಗಿದ್ದರೆ 1.0 ಎಂಎಂ. ಕೆಂಪು ತುದಿಯದು ಥೋರಿಯಂ ಬೆರೆತದ್ದು, ಅದರ ಪುಡಿ ವಿಕಿರಣ ಸೂಸುವಂಥದ್ದು. ಬೂದು ತುದಿಯ ಸೀರಿಯಂ, ಬಂಗಾರದ ಅಥವಾ ನೀಲಿ ತುದಿಯ ಲ್ಯಾಂಥನಂ ಕಡ್ಡಿಗಳು ಕಡಿಮೆ ಆಂಪ್‌ನಲ್ಲಿ ಅದಕ್ಕಿಂತ ಚೆನ್ನಾಗಿ ಹೊತ್ತುತ್ತವೆ. ಹಾಗಿರುವಾಗ ಕೆಂಪಿನ ಹಿಂದೆ ಬೀಳಲು ಕಾರಣವೇ ಇಲ್ಲ.

ಮೊನೆ ಹಿಡಿಯುವಾಗ ಕಡ್ಡಿಯನ್ನು ಕಲ್ಲಿಗೆ ಉದ್ದುದ್ದ ಹಿಡಿಯಿರಿ, ಅಡ್ಡ ಅಲ್ಲ. ಗೆರೆಗಳು ಮೊನೆಯ ಕಡೆಗೆ ಓಡಬೇಕು. ಸುತ್ತ ಬಿದ್ದ ಗೆರೆಯಿದ್ದರೆ ಆರ್ಕ್ ಅಲೆದಾಡುತ್ತದೆ. ಮೊನೆಯ ಉದ್ದ ಕಡ್ಡಿಯ ದಪ್ಪದ ಎರಡರಿಂದ ಎರಡೂವರೆ ಪಟ್ಟು. ಟಂಗ್‌ಸ್ಟನ್‌ಗೆ ಬೇರೆಯದೇ ಕಲ್ಲಿರಲಿ, ಕಬ್ಬಿಣ ಉಜ್ಜಿದ ಕಲ್ಲಿನಲ್ಲಿ ಬೇಡ. ಮೊನೆ ಪೂಲ್‌ಗೆ ತಾಗಿತೋ, ನಿಲ್ಲಿಸಿ ಮತ್ತೆ ಹಿಡಿಯಿರಿ. ‘ಇರ್ಲಿ, ನಡೀತೈತಿ’ ಅಂತ ಮುಂದುವರಿಸಿದ ಆರ್ಕ್ ಅಗಲವಾಗಿ ಹರಡುತ್ತದೆ, ಅಗಲವಾದ ಆರ್ಕ್ ತೆಳು ಗೋಡೆಯನ್ನು ಕುಸಿಸುತ್ತದೆ.

ಗ್ಯಾಸ್ ಶುದ್ಧ ಆರ್ಗಾನ್. ಮಿಗ್ ಮಷಿನ್‌ನ ಪಕ್ಕದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೆರಕೆಯ ಸಿಲಿಂಡರ್ ಜೋಡಿಸಿದರೆ ಟಂಗ್‌ಸ್ಟನ್ ನಿಮಿಷದಲ್ಲಿ ಸುಟ್ಟು ಹೋಗುತ್ತದೆ. ಟಾರ್ಚಿನ ಬಾಯಿಗೆ ಹಾಕುವ 6 ಅಥವಾ 7ನೇ ನಂಬರಿನ ಕಪ್‌ಗೆ ನಿಮಿಷಕ್ಕೆ 6ರಿಂದ 8 ಲೀಟರ್ ಸಾಕು. ಗ್ಯಾಸ್ ಜಾಸ್ತಿ ಬಿಟ್ಟರೆ ಒಳ್ಳೆಯದು ಅನ್ನುವುದು ತಪ್ಪು ತಿಳಿವಳಿಕೆ, 15 ಲೀಟರ್ ಬಿಟ್ಟರೆ ಅದು ಸುಳಿ ಎದ್ದು ಹೊರಗಿನ ಗಾಳಿಯನ್ನೇ ಒಳಗೆಳೆದುಕೊಳ್ಳುತ್ತದೆ. 7 ಘನಮೀಟರ್ ಹಿಡಿಸುವ ದೊಡ್ಡ ಸಿಲಿಂಡರ್ ನಿಮಿಷಕ್ಕೆ 7 ಲೀಟರ್‌ನಂತೆ ಸುಮಾರು 1000 ನಿಮಿಷ ಬರುತ್ತದೆ. ಅದಕ್ಕಿಂತ ಬೇಗ ಖಾಲಿಯಾಗುತ್ತಿದ್ದರೆ ಗ್ಯಾಸ್ ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ಆರ್ಕ್ ಆರಿದ ಮೇಲೂ 6ರಿಂದ 8 ಸೆಕೆಂಡ್ ಗ್ಯಾಸ್ ಹರಿಯಲಿ, ಅಷ್ಟು ಹೊತ್ತು ಟಾರ್ಚ್ ಅಲ್ಲೇ ಹಿಡಿದಿರಿ.

ಸಂದಿ ಇದ್ದಲ್ಲಿ ತೂತು

ವೆಲ್ಡಿಂಗ್‌ಗಿಂತ ಕತ್ತರಿಸುವುದಕ್ಕೇ ಹೆಚ್ಚು ಹೊತ್ತು ಕೊಡಿ ಅಂದರೆ ಹುಡುಗರಿಗೆ ಬೇಜಾರು. ಆದರೆ ತೆಳು ಪೈಪಿನಲ್ಲಿ ಅರ್ಧ ಮಿಲಿಮೀಟರ್ ಸಂದಿಯೂ ಹೆಚ್ಚೇ. ಸಂದಿಯಿದ್ದಲ್ಲಿ ಆರ್ಕ್‌ಗೆ ಸಿಗುವುದು ಎರಡು ತೆಳು ಅಂಚುಗಳು. ಶಾಖ ಎತ್ತಿಕೊಂಡು ಹೋಗಲು ಪಕ್ಕದಲ್ಲಿ ಲೋಹವಿಲ್ಲ, ಅಂಚು ಹಿಂದಕ್ಕೆ ಸುರುಳಿಯಾಗಿ ಕರಗುತ್ತದೆ, ಸಂದಿ ಎರಡರಷ್ಟಾಗುತ್ತದೆ. ಅದನ್ನು ಫಿಲ್ಲರ್‌ನಿಂದ (ಕರಗಿಸಿ ತುಂಬುವ ಕಡ್ಡಿಯಿಂದ) ತುಂಬುತ್ತೇನೆ ಅನ್ನುವುದು ದಪ್ಪ ಪ್ಲೇಟಿನ ರೂಢಿ.

ಅಳತೆಯ ಜಾಗದಲ್ಲಿ ಪೈಪಿಗೆ ದಪ್ಪ ಕಾಗದದ ಪಟ್ಟಿ ಬಿಗಿಯಾಗಿ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಅದರ ಗುಂಟ ಗೀಟು ಎಳೆಯಿರಿ. ಆಗ ಗೀಟು ನೇರ ಸುತ್ತು ಬರುತ್ತದೆ. ಇಂಚಿಗೆ 32 ಹಲ್ಲಿನ ಹ್ಯಾಕ್‌ಸಾ ಬ್ಲೇಡ್ ಅಥವಾ ಗ್ರೈಂಡರ್‌ಗೆ 1 ಎಂಎಂ ಡಿಸ್ಕ್ ಹಾಕಿ ಕತ್ತರಿಸಿ. ದಪ್ಪ ಡಿಸ್ಕ್ ಹಾಕಿದ ಕಟಿಂಗ್ ಮಷಿನ್ ತುದಿಯನ್ನು ಕಾಯಿಸಿ ಬಣ್ಣ ಏರಿಸುತ್ತದೆ, ಬರ್ ಎಬ್ಬಿಸುತ್ತದೆ. ಆಮೇಲೆ ಅರ ಹಿಡಿದು ತುದಿ ಸಮ ಮಾಡಿ. ಒಳಗಿನ ಬರ್ ಕೂಡ ತೆಗೆಯಬೇಕು. ಕೂದಲಿನಷ್ಟು ತೆಳ್ಳಗಿರುವ ಆ ಬರ್ ಮೊದಲು ಕರಗಿ ಪೂಲ್‌ಗೆ ಕೊಳೆ ತರುತ್ತದೆ.

ಟಿ ಜಾಯಿಂಟ್ ಆದರೆ ಒಂದು ಪೈಪಿನ ತುದಿಗೆ ಮೀನಿನ ಬಾಯಿಯ ಆಕಾರ ಬೇಕು. ಎದುರಿನ ಪೈಪಿನ ವ್ಯಾಸದ್ದೇ ಹೋಲ್‌ಸಾ ಡ್ರಿಲ್ ಮಷಿನ್‌ಗೆ ಹಾಕಿ, ಪೈಪನ್ನು ವೈಸ್‌ನಲ್ಲಿ ಗಟ್ಟಿಯಾಗಿ ಹಿಡಿದು ಕೊರೆಯಿರಿ. ಉಳಿದದ್ದು ಅರ್ಧ ದುಂಡಿನ ಅರದ ಕೆಲಸ. ಎರಡನ್ನೂ ಕೂಡಿಸಿ ಬೆಳಕಿಗೆ ಹಿಡಿಯಿರಿ. ಬೆಳಕಿನ ಗೆರೆ ಕಂಡರೆ ಮತ್ತೆ ಅರಕ್ಕೆ ಹೋಗಿ. ಬೆಳಕು ಕಾಣದಂತೆ ಕೂತ ಜಾಯಿಂಟ್‌ಗೆ ಅರ್ಧ ವೆಲ್ಡಿಂಗ್ ಆಗಲೇ ಮುಗಿದಂತೆ.

ಅಂಚಿನಿಂದ ಒಂದು ಇಂಚಿನಷ್ಟು ಒಳಗೂ ಹೊರಗೂ ಲೋಹ ಹೊಳೆಯಬೇಕು. ಮೈಲ್ಡ್ ಸ್ಟೀಲಿಗೆ ಫ್ಲ್ಯಾಪ್ ಡಿಸ್ಕ್, ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಬ್ರಷ್. ಆ ಬ್ರಷ್ ಕಬ್ಬಿಣ ಮುಟ್ಟಬಾರದು, ಮುಟ್ಟಿದರೆ ಮುಂದೆ ಅಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ. ಕೊನೆಗೆ ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಬ್ರೇಕ್ ಕ್ಲೀನರ್ ಸ್ಪ್ರೇ ಎಂದಿಗೂ ಬೇಡ: ಕ್ಲೋರಿನ್ ಇರುವ ದ್ರಾವಕದ ಆವಿ ಆರ್ಕ್‌ನ ಬೆಳಕಿಗೆ ಸಿಕ್ಕರೆ ಫಾಸ್ಜೀನ್ ಆಗುತ್ತದೆ, ಅದು ಪ್ರಾಣ ತೆಗೆಯುವ ವಿಷ.

ಎರಡೂ ತುದಿ ಮುಚ್ಚಿಹೋಗುವ ಪೈಪ್ ಆದರೆ ಕಾಣದ ಕಡೆ 3 ಎಂಎಂ ತೂತು ಮೊದಲೇ ಕೊರೆದಿಡಿ. ಒಳಗಿನ ಗಾಳಿ ಕಾದು ಹಿಗ್ಗಿ, ಕೊನೆಯ ತುಸು ಜಾಗ ಮುಚ್ಚುವಾಗ ಪೂಲ್ ಅನ್ನು ಹೊರಗೆ ಊದಿಬಿಡುತ್ತದೆ. ಎಲ್ಲ ಸರಿ ಮಾಡಿದ ಮೇಲೂ ಕೊನೆಯ ಅರ್ಧ ಇಂಚಿನಲ್ಲಿ ಮಾತ್ರ ತೂತು ಬೀಳುತ್ತಿದ್ದರೆ ಕಾರಣ ಇದೇ.

ಪೂಲ್ ನೋಡಲು ಕಲಿಯುವುದು

ಪೈಪಿಗೆ ಹೋಗುವ ಮುಂಚೆ ಅದೇ ದಪ್ಪದ ತಗಡಿನ ತುಂಡು ತೆಗೆದುಕೊಳ್ಳಿ. ಫಿಲ್ಲರ್ ಬೇಡ, ಬರೀ ಆರ್ಕ್. 1.6 ಎಂಎಂ ಮೈಲ್ಡ್ ಸ್ಟೀಲಿಗೆ 60ರಿಂದ 75 ಆಂಪ್, 1.2ಕ್ಕೆ 45ರಿಂದ 60. ಸ್ಟೇನ್‌ಲೆಸ್ ಆದರೆ 1.6ಕ್ಕೆ 50ರಿಂದ 65, 1.2ಕ್ಕೆ 35ರಿಂದ 50, 0.9ಕ್ಕೆ 25ರಿಂದ 35. ಪೆಡಲ್ ಇದ್ದರೆ ಇದಕ್ಕಿಂತ 10 ಆಂಪ್ ಹೆಚ್ಚಿಟ್ಟು ಕಾಲಿನಿಂದ ಹಿಡಿತದಲ್ಲಿಡಿ.

ಟಾರ್ಚ್ ಅನ್ನು ನೆಟ್ಟಗಿನಿಂದ 15 ಡಿಗ್ರಿಯಷ್ಟು ಹಿಂದಕ್ಕೆ ವಾಲಿಸಿ. ಮೊನೆ ಮತ್ತು ಲೋಹದ ನಡುವಿನ ಅಂತರ ಟಂಗ್‌ಸ್ಟನ್‌ನ ದಪ್ಪದಷ್ಟು, 1.6 ಎಂಎಂ ಮೀರಬಾರದು. ಕಿರುಬೆರಳನ್ನು ಮೇಜಿಗೋ ಪೈಪಿಗೋ ಊರಿಕೊಳ್ಳಿ. ಟಾರ್ಚ್‌ನ ಕೇಬಲ್ ಹೆಗಲ ಮೇಲೆ ಹಾಕಿಕೊಂಡರೆ ಮಣಿಕಟ್ಟಿಗೆ ಎಳೆತ ತಪ್ಪುತ್ತದೆ. ಆರ್ಕ್ ಹೊತ್ತಿಸದೆ ಆ ಇಡೀ ದಾರಿಯನ್ನು ಒಮ್ಮೆ ಕೈ ಆಡಿಸಿ ನೋಡಿ. ಎಲ್ಲಿ ಮೊಣಕೈ ತಡೆಯುತ್ತದೋ ಅಲ್ಲೇ ಆಮೇಲೆ ತೂತು ಬೀಳುವುದು.

ಈಗ ಆರ್ಕ್ ಹೊತ್ತಿಸಿ, ಬೆಳಕನ್ನು ನೋಡಬೇಡಿ, ಅದರ ಕೆಳಗೆ ನೋಡಿ. ಮೊದಲು ಲೋಹ ಮಂಕಾಗಿ ಕೆಂಪಾಗುತ್ತದೆ. ನಡುವೆ ಒಂದು ಹೊಳೆಯುವ ಚುಕ್ಕೆ ಮೂಡಿ, ಅಂಚು ಸ್ಪಷ್ಟವಾಗಿ, ದುಂಡಗೆ ಹರಡುತ್ತದೆ. ಇದೇ ಪೂಲ್. ಗೋಡೆಯ ದಪ್ಪದ ಎರಡರಿಂದ ಮೂರು ಪಟ್ಟು ಅಗಲ ಆದ ಕೂಡಲೇ ಸಾಗಲು ಶುರು ಮಾಡಿ. ಪೂಲ್ ಸರಿಯಾಗಿರುವಾಗ ಅದರ ಮೈ ಸ್ವಲ್ಪ ಉಬ್ಬಿರುತ್ತದೆ ಅಥವಾ ಸಮವಾಗಿರುತ್ತದೆ. ತೂತು ಬೀಳುವ ಮುನ್ನ ಅದು ಹೇಳಿಯೇ ಬೀಳುತ್ತದೆ: ಪೂಲ್ ಇದ್ದಕ್ಕಿದ್ದಂತೆ ಅಗಲವಾಗುತ್ತದೆ, ಹೊಳಪು ಹೆಚ್ಚುತ್ತದೆ, ನಡುಭಾಗ ಒಳಕ್ಕೆ ತಗ್ಗಾಗುತ್ತದೆ. ಆ ತಗ್ಗು ಕಂಡ ಮೇಲೆ ನಿಮಗೆ ಸಿಗುವುದು ಅರ್ಧ ಸೆಕೆಂಡ್. ಆ ಅರ್ಧ ಸೆಕೆಂಡಿನಲ್ಲಿ ಮಾಡಬೇಕಾದದ್ದು ಎರಡೇ, ಮುಂದೆ ಸರಿಯಿರಿ ಅಥವಾ ಪೆಡಲ್ ಬಿಡಿ. ಫಿಲ್ಲರ್ ಕೈಯಲ್ಲಿದ್ದರೆ ಒಂದು ಹನಿ ಕೊಡಿ, ತಣ್ಣನೆಯ ಕಡ್ಡಿ ಪೂಲ್‌ನ ಶಾಖವನ್ನು ಕುಡಿಯುತ್ತದೆ.

ಮಾಡಬಾರದ್ದು ಒಂದಿದೆ, ಆದರೆ ಎಲ್ಲರ ಕೈಯೂ ಮೊದಲು ಅದನ್ನೇ ಮಾಡುತ್ತದೆ: ಹೆದರಿ ಟಾರ್ಚ್ ಮೇಲಕ್ಕೆತ್ತುವುದು. ಎತ್ತಿದರೆ ಆರ್ಕ್ ಉದ್ದವಾಗುತ್ತದೆ, ವೋಲ್ಟ್ ಏರುತ್ತದೆ, ಶಾಖ ಅಗಲಕ್ಕೆ ಹರಡುತ್ತದೆ, ಮೇಲಿನ ಗ್ಯಾಸ್‌ನ ಹೊದಿಕೆಯೂ ಹೋಗುತ್ತದೆ.

ನಮ್ಮ ಶೆಡ್‌ನಲ್ಲಿ ಕಲಿಯುತ್ತಿದ್ದ ಹುಡುಗನೊಬ್ಬ ಹೆಲ್ಮೆಟ್ ಎತ್ತಿ, ತೂತಾದ ಪೈಪ್ ತೋರಿಸಿ ಕೇಳಿದ: “ಕಾಕಾ, ಕರೆಂಟ್ ಎಷ್ಟ ಕಡಿಮಿ ಮಾಡಿದ್ರೂ ತೂತು ಬೀಳಾಕ್ಹತ್ತೈತಿ, ಏನ್ ಮಾಡ್ಲಿ?”

“ಎಷ್ಟಕ್ಕ ಇಟ್ಟೀಯಪಾ?”

“ಮೂವತ್ತಕ್ಕ.”

“ಐವತ್ತಕ್ಕ ಇಡು. ಪೂಲ್ ಕಂಡ ಕೂಡ್ಲೆ ಮುಂದ ನಡಿ, ಅಲ್ಲೇ ನಿಂದರಬ್ಯಾಡ.”

ಅವನು ನಂಬಲಾರದೆ ಇಟ್ಟ, ನಡೆದ. ಪೈಪಿನ ಮೇಲೆ ಎರಡು ಇಂಚು ತೆಳ್ಳಗಿನ, ಹೊಳೆಯುವ ರನ್ (ವೆಲ್ಡಿನ ಗೆರೆ) ಬಂತು. ಮುಂದೆ ಅವನಿಗೆ ಹೇಳಿಕೊಡಬೇಕಾದದ್ದು ಬರೀ ಕೈಯ ಅಭ್ಯಾಸ ಮಾತ್ರ ಉಳಿದಿತ್ತು.

ಬರೀ ಆರ್ಕ್‌ನ ಗೆರೆ ನೇರ ಬರತೊಡಗಿದ ಮೇಲೆ ಫಿಲ್ಲರ್ ಹಿಡಿಯಿರಿ. ಮೈಲ್ಡ್ ಸ್ಟೀಲಿಗೆ ಇಆರ್70ಎಸ್-2 ಅಥವಾ ಎಸ್-6, 304 ಸ್ಟೇನ್‌ಲೆಸ್‌ಗೆ 308ಎಲ್, 316ಕ್ಕೆ 316ಎಲ್. ಕಡ್ಡಿಯ ದಪ್ಪ ಗೋಡೆಯ ದಪ್ಪವನ್ನು ಮೀರದಿರಲಿ. 1.2ರ ಗೋಡೆಗೆ 2.4ರ ಕಡ್ಡಿ ಹಿಡಿದರೆ ಅದನ್ನು ಕರಗಿಸಲೆಂದೇ ನಿಲ್ಲಬೇಕಾಗುತ್ತದೆ, ನಿಂತರೆ ಏನಾಗುತ್ತದೆಂದು ಗೊತ್ತು. ಕಡ್ಡಿಯನ್ನು ತಗ್ಗಾಗಿ ಹಿಡಿದು ಪೂಲ್‌ನ ಮುಂದಿನ ಅಂಚಿಗೆ ತಾಗಿಸಿ, ಕರಗಿಸುವುದು ಪೂಲ್‌ನ ಕೆಲಸ. ಆರ್ಕ್‌ಗೆ ಹಿಡಿದರೆ ಕಡ್ಡಿ ಹನಿಯಾಗಿ ಟಂಗ್‌ಸ್ಟನ್‌ಗೆ ಅಂಟುತ್ತದೆ. ತಾಗಿಸಿ ಹಿಂದಕ್ಕೆಳೆದಾಗಲೂ ಬಿಸಿ ತುದಿ ಗ್ಯಾಸ್‌ನೊಳಗೇ ಇರಬೇಕು.

ಟ್ಯಾಕ್, ಆಮೇಲೆ ಸುತ್ತು

ಪೈಪ್‌ಗಳನ್ನು ಆ್ಯಂಗಲ್‌ನ ಒಳಮೂಲೆಯಲ್ಲಿ ಇಟ್ಟರೆ ತಾನೇ ನೇರ ಕೂರುತ್ತವೆ. ಟ್ಯಾಕ್‌ಗೆ (ಪೈಪ್‌ಗಳನ್ನು ಹಿಡಿದಿಡುವ ಚುಕ್ಕೆ ವೆಲ್ಡಿಗೆ) ಕರೆಂಟ್ ಕಡಿಮೆ ಬೇಡ, ಹೆಚ್ಚು ಬೇಕು: ರನ್‌ಗೆ 50 ಇಟ್ಟಿದ್ದರೆ ಟ್ಯಾಕ್‌ಗೆ 75, ಆದರೆ ಅರ್ಧ ಸೆಕೆಂಡ್ ಮಾತ್ರ. ಎರಡೂ ಅಂಚು ಒಟ್ಟಿಗೆ ಕರಗಿ ಕೂಡಿದ್ದು ಕಂಡ ಕೂಡಲೇ ಬಿಡಿ. ಟ್ಯಾಕ್ ಕಡಲೆ ಕಾಳಿಗಿಂತ ಚಿಕ್ಕದಿರಲಿ. ಮೊದಲನೆಯದು ಮೇಲೆ, ಎರಡನೆಯದು ಅದರ ಎದುರಿಗೆ ಕೆಳಗೆ, ಮೂರನೆಯದು ಎಡಕ್ಕೆ, ನಾಲ್ಕನೆಯದು ಬಲಕ್ಕೆ. ಪ್ರತಿ ಟ್ಯಾಕ್ ಆದ ಮೇಲೆ ಗುನ್ಯಾ (ಮೂಲೆಮಟ್ಟ) ಹಿಡಿದು ನೋಡಿ. ಒಂದು ಟ್ಯಾಕ್ ಇರುವಾಗ ಕೈಯಲ್ಲಿ ಬಾಗಿಸಿ ಸರಿಪಡಿಸಬಹುದು, ನಾಲ್ಕಾದ ಮೇಲೆ ಆಗದು.

ರನ್ ಅನ್ನು ಒಂದೇ ಉಸಿರಿಗೆ ಪೂರ್ತಿ ಸುತ್ತು ಹೊಡೆಯಬೇಡಿ. ಒಂದು ಟ್ಯಾಕ್‌ನಿಂದ ಮುಂದಿನ ಟ್ಯಾಕ್‌ವರೆಗೆ ಕಾಲು ಸುತ್ತು, ಆಮೇಲೆ ಪೈಪ್ ತಿರುಗಿಸಿ ಎದುರಿನ ಕಾಲು ಸುತ್ತು. ಹೀಗೆ ಎದುರುಬದುರು ಹೋದರೆ ಸೊಟ್ಟಾಗುವುದೂ ತಪ್ಪುತ್ತದೆ. ನಡುವೆ ಪೈಪ್ ತಣಿಯಲು ಬಿಡಿ, ಜಾಯಿಂಟ್‌ನಿಂದ ಎರಡು ಇಂಚು ದೂರದಲ್ಲಿ ಬರಿಗೈ ಇಡುವಷ್ಟು. ನೀರು ಸುರಿದು ತಣಿಸಬೇಡಿ. ಒಳಗೆ ಸರಿಯಾಗಿ ಕೂರುವ ತಾಮ್ರದ ತುಂಡು ಸಿಕ್ಕರೆ ಜಾಯಿಂಟ್‌ನ ಕೆಳಗೆ ಇಡಿ, ತಾಮ್ರ ಹೆಚ್ಚಿನ ಶಾಖ ಎಳೆದುಕೊಳ್ಳುತ್ತದೆ, ಸ್ಟೀಲ್ ಅದಕ್ಕೆ ಅಂಟುವುದಿಲ್ಲ. ಬರೀ ನೇರ ಪೈಪಿನಲ್ಲಿ ಇದು ಸಾಧ್ಯ, ಬೆಂಡ್ ಇದ್ದಲ್ಲಿ ಆಗುವುದಿಲ್ಲ.

ಟಿ ಜಾಯಿಂಟಿನಲ್ಲಿ ಆರ್ಕ್ ಎಲ್ಲಿಗೆ ಗುರಿಯಿಡುತ್ತೀರಿ ಅನ್ನುವುದೇ ಎಲ್ಲ. ಮೀನಿನ ಬಾಯಿಯ ತುದಿ ಅಂಚು, ಅದು ಬೇಗ ಕರಗುತ್ತದೆ. ಅಡ್ಡ ಪೈಪಿನ ಮೈ ಅಖಂಡವಾಗಿದೆ, ಅದು ನಿಧಾನ. ಮೊನೆಯನ್ನು ಅಡ್ಡ ಪೈಪಿನ ಮೈಗೆ ಹೆಚ್ಚು ವಾಲಿಸಿ, ಮೂರರಲ್ಲಿ ಎರಡು ಪಾಲು ಅತ್ತ, ಒಂದು ಪಾಲು ಇತ್ತ. ಪೂಲ್ ಮೊದಲು ಅಡ್ಡ ಪೈಪಿನಲ್ಲಿ ಕಟ್ಟಿ, ಆಮೇಲೆ ಅಂಚಿಗೆ ಹರಿದು ಬರಲಿ. ಎರಡು ಪೈಪ್ ಕಿರಿದಾಗಿ ಕೂಡುವ ಮೂಲೆಯಲ್ಲಿ ಕಪ್ ಒಳಗೆ ಹೋಗದಿದ್ದರೆ ಗ್ಯಾಸ್ ಸುಳಿಯದೆ ನೇರ ಹರಿಯುವಂತೆ ಮಾಡುವ ಗ್ಯಾಸ್ ಲೆನ್ಸ್ ಹಾಕಿ ಟಂಗ್‌ಸ್ಟನ್ ಅನ್ನು ಸ್ವಲ್ಪ ಹೊರಗೆ ಬಿಡಿ.

ನಿಲ್ಲಿಸುವಾಗ ಕರೆಂಟ್ ಫಕ್ಕನೆ ಕಡಿಯಬೇಡಿ. ಪೆಡಲ್ ನಿಧಾನ ಬಿಡುತ್ತಾ ಕೊನೆಯ ಹನಿ ಫಿಲ್ಲರ್ ಕೊಟ್ಟು ಕುಳಿ ತುಂಬಿಸಿ. ಬರಿದಾದ ಕುಳಿಯ ನಡುವೆ ನಕ್ಷತ್ರದ ಆಕಾರದ ಬಿರುಕು ಬಿಡುತ್ತದೆ, ತೆಳು ಪೈಪಿನಲ್ಲಿ ಸೋರುವುದು ಅಲ್ಲಿಂದಲೇ.

ಪಲ್ಸ್ (ಕರೆಂಟ್ ತಾನೇ ಏರಿಳಿಯುವ ವ್ಯವಸ್ಥೆ) ಇರುವ ಮಷಿನ್ ಆದರೆ ಸೆಕೆಂಡಿಗೆ 1ರಿಂದ 2 ಸಲ, ಮೇಲಿನ ಕರೆಂಟ್ 60, ಕೆಳಗಿನದು ಅದರ ಮೂರನೇ ಒಂದು ಪಾಲು, ಮೇಲಿರುವ ಹೊತ್ತು ನೂರಕ್ಕೆ 35ರಷ್ಟು ಇಟ್ಟು ನೋಡಿ. ಪ್ರತಿ ಏರಿಕೆಗೆ ಒಂದು ಹನಿ, ಇಳಿದಾಗ ಒಂದು ಹೆಜ್ಜೆ. ಇದು ನಿಜಕ್ಕೂ ಸಹಾಯ ಮಾಡುತ್ತದೆ. ಆದರೂ ಪೂಲ್ ನೋಡಲು ಬಾರದವರಿಗೆ ಪಲ್ಸ್ ಕಲಿಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ, ಕೈ ಮಷಿನ್‌ನ ತಾಳಕ್ಕೆ ಒಗ್ಗಿ ಕಣ್ಣು ಸೋಮಾರಿಯಾಗುತ್ತದೆ.

ಸ್ಟೇನ್‌ಲೆಸ್ ಆದರೆ ಒಳಗೂ ಆರ್ಗಾನ್

ಹಾಲು, ಹಣ್ಣಿನ ರಸ, ಔಷಧ ಹರಿಯುವ ಸ್ಟೇನ್‌ಲೆಸ್ ಪೈಪಿಗೆ ಹೊರಗಿನ ಗ್ಯಾಸ್ ಸಾಲದು. ಒಳಗೆ ಗಾಳಿಯಿದ್ದರೆ ಕರಗಿದ ಲೋಹದ ಹಿಂಬದಿ ಕಪ್ಪಾಗಿ, ಗರಸಿನಂತೆ ಹರಳುಗಟ್ಟುತ್ತದೆ. ಅಲ್ಲಿ ಹಾಲು ಕೂತು ಕೆಡುತ್ತದೆ, ತುಕ್ಕೂ ಅಲ್ಲಿಂದ ಶುರು. ಪೈಪಿನ ಎರಡೂ ತುದಿ ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ, ಒಂದು ಕಡೆ ಕೆಳಗಿನಿಂದ ಆರ್ಗಾನ್ ಬಿಡಿ, ಇನ್ನೊಂದು ಕಡೆ ಮೇಲ್ಭಾಗದಲ್ಲಿ ಸಣ್ಣ ಕಿಂಡಿ ಇರಲಿ. ಆರ್ಗಾನ್ ಗಾಳಿಗಿಂತ ಭಾರ, ಕೆಳಗಿನಿಂದ ತುಂಬುತ್ತಾ ಗಾಳಿಯನ್ನು ಮೇಲಿನಿಂದ ನೂಕುತ್ತದೆ. ಜಾಯಿಂಟ್‌ನ ಸುತ್ತ ಟೇಪ್ ಸುತ್ತಿ, ವೆಲ್ಡ್ ಮಾಡುತ್ತಾ ಸ್ವಲ್ಪ ಸ್ವಲ್ಪವೇ ಬಿಚ್ಚುತ್ತಾ ಹೋಗಿ. ಪೈಪಿನ ಒಳಗಿನ ಗಾಳಿ ಹಲವು ಸಲ ಬದಲಾಗುವಷ್ಟು ಹರಿಸಿದ ಮೇಲೆ 3ರಿಂದ 5 ಲೀಟರ್‌ಗೆ ಇಳಿಸಿ. ಒತ್ತಡ ಹೆಚ್ಚಿದರೆ ಕೊನೆಗೆ ಪೂಲ್ ಹೊರಗುಬ್ಬುತ್ತದೆ.

ಬಣ್ಣ ನಿಮ್ಮ ಪರೀಕ್ಷಕ. ಬೆಳ್ಳಿ ಅಥವಾ ತಿಳಿ ಹೊನ್ನಿನ ಬಣ್ಣ ಬಂದರೆ ಸರಿಯಾಗಿದೆ. ನೀಲಿ ಬಂದರೆ ಶಾಖ ಹೆಚ್ಚಾಗುತ್ತಿದೆ. ಬೂದು, ಕಪ್ಪು ಬಂದರೆ ನಿಲ್ಲಿಸಿ; ಗ್ಯಾಸ್, ವೇಗ, ಆರ್ಕ್‌ನ ಉದ್ದ ಮೂರನ್ನೂ ನೋಡಿ.

ತೂತು ಬಿದ್ದೇಬಿಟ್ಟರೆ

ಅಲ್ಲೇ ಬಿಸಿಯಲ್ಲಿ ತುಂಬಲು ಹೋಗಬೇಡಿ. ಪೂರ್ತಿ ತಣಿಯಲಿ, ಸುತ್ತ ಬ್ರಷ್ ಹಾಕಿ, ಆಕ್ಸೈಡ್ ಉಜ್ಜಿ ತೆಗೆಯಿರಿ. ಕರೆಂಟ್ 10 ಆಂಪ್ ಇಳಿಸಿ. ಆರ್ಕ್ ತೂತಿನ ಮೇಲಲ್ಲ, ತೂತಿನ ಪಕ್ಕದ ಗಟ್ಟಿ ಲೋಹದ ಮೇಲೆ ಹೊತ್ತಿಸಿ, ಪೂಲ್ ಕಟ್ಟಿ, ಒಂದು ಹನಿ ಫಿಲ್ಲರ್‌ನೊಂದಿಗೆ ಅಂಚಿಗೆ ತನ್ನಿ, ಬಿಡಿ. ಮತ್ತೆ ಎದುರಿನ ಅಂಚಿನಿಂದ. ಅಂಚು ಅಂಚು ಕಟ್ಟುತ್ತಾ ತೂತು ಕಿರಿದಾಗಿ ಕೊನೆಗೆ ಒಂದು ಹನಿಯಲ್ಲಿ ಮುಚ್ಚುತ್ತದೆ. ಹಾಲಿನ ಲೈನ್, ಒತ್ತಡದ ಪೈಪ್ ಆದರೆ ಈ ತೇಪೆ ಬೇಡ, ಆ ತುಂಡು ಕತ್ತರಿಸಿ ಹೊಸದು ಹಾಕಿ.

ನಮ್ಮ ಬಿಸಿಲು, ನಮ್ಮ ಕರೆಂಟ್

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ತಗಡಿನ ಶೆಡ್‌ನಲ್ಲಿ ಫ್ಯಾನ್ ಇಲ್ಲದೆ ಕೂರಲಾಗದು, ಫ್ಯಾನ್ ಹಾಕಿದರೆ ಆರ್ಗಾನ್ ನಿಲ್ಲದು. ಫ್ಯಾನ್ ಬೆನ್ನಿನ ಕಡೆ ತಗ್ಗಿನಲ್ಲಿಟ್ಟು, ಕೆಲಸದ ಮುಂದೆ ತಗಡಿನ ಮರೆ ಕಟ್ಟಿ. ಇಲ್ಲವೇ ಬೆಳಗಿನ ತಂಪಿನಲ್ಲಿ ವೆಲ್ಡಿಂಗ್, ಮಧ್ಯಾಹ್ನ ಕತ್ತರಿಸುವುದು, ಅರ ಹಾಕುವುದು ಅಂತ ಕೆಲಸ ಹಂಚಿಕೊಳ್ಳಿ. ಬೆವರಿನ ಕೈಗವಸು ಬದಲಿಸುತ್ತಿರಿ, ಎಚ್‌ಎಫ್ ಸ್ಟಾರ್ಟ್ ಒದ್ದೆ ಕೈಗೆ ಚುರುಕು ಮುಟ್ಟಿಸುತ್ತದೆ. ನೈಲಾನ್ ಅಂಗಿ ಬೇಡ, ಉದ್ದ ತೋಳಿನ ಹತ್ತಿಯದು. ಹಳ್ಳಿಯ ಲೈನ್‌ನಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತದೆ, ಅಗ್ಗದ ಇನ್ವರ್ಟರ್‌ನಲ್ಲಿ ಆರ್ಕ್ ತತ್ತರಿಸುತ್ತದೆ. ಅಂಥ ಹೊತ್ತಿನಲ್ಲಿ ಒಳ್ಳೆಯ ಜಾಯಿಂಟ್‌ಗೆ ಕೈ ಹಾಕಬೇಡಿ.

50 ಆಂಪ್‌ನ ಆರ್ಕ್ ಚಿಕ್ಕದು ಅಂತ ಬರಿಗಣ್ಣಿನಲ್ಲಿ ಟ್ಯಾಕ್ ಹೊಡೆಯುವವರಿದ್ದಾರೆ. ಹೊಗೆ, ಕಿಡಿ ಇಲ್ಲದಿರುವುದರಿಂದ ಟಿಗ್‌ನ ಬೆಳಕು ತಡೆಯಿಲ್ಲದೆ ನೇರ ಕಣ್ಣಿಗೆ ಹೊಡೆಯುತ್ತದೆ. 9 ಅಥವಾ 10ನೇ ನಂಬರಿನ ಗಾಜು ಕಡ್ಡಾಯ. ಮತ್ತೊಂದು ಮಾತು, ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಟ್ಯಾಂಕ್, ಪ್ಯಾನ್‌ಗಳ ಒಳಗೆ ಇಳಿದು ಕೆಲಸ ಮಾಡುವವರಿಗೆ. ಆರ್ಗಾನ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ತಗ್ಗಿನಲ್ಲಿ ನಿಂತು ಆಮ್ಲಜನಕವನ್ನು ಹೊರಗಟ್ಟುತ್ತದೆ. ಉಸಿರುಗಟ್ಟುತ್ತಿದೆ ಅಂತ ಮೈಗೆ ತಿಳಿಯುವ ಮುಂಚೆಯೇ ಎಚ್ಚರ ತಪ್ಪುತ್ತದೆ. ಬ್ಲೋವರ್ ಹಾಕದೆ, ಆಮ್ಲಜನಕದ ಮೀಟರ್ ಇಲ್ಲದೆ, ಟ್ಯಾಂಕಿನ ಬಾಯಿಯ ಬಳಿ ಒಬ್ಬ ಕಾವಲಿಗೆ ನಿಲ್ಲದೆ ಒಳಗೆ ಇಳಿಯಬೇಡಿ. ಒಳಗಿದ್ದವನು ಬಿದ್ದರೆ ಹಿಂದೆಯೇ ಧುಮುಕಬೇಡಿ. ಊಟಕ್ಕೆ ಮೇಲೆ ಬರುವಾಗ ಟಾರ್ಚ್ ಅನ್ನೂ ಹೊರಗೆ ತನ್ನಿ, ಸಿಲಿಂಡರ್‌ನ ವಾಲ್ವ್ ಮುಚ್ಚಿ.

ಕತ್ತರಿಸಿ ನೋಡಿ

ಅಭ್ಯಾಸದ ಜಾಯಿಂಟ್‌ಗಳನ್ನು ಹೊರಗಿನಿಂದ ನೋಡಿ ಮೆಚ್ಚಿಕೊಳ್ಳಬೇಡಿ. ಪೈಪನ್ನು ಉದ್ದಕ್ಕೆ ಸೀಳಿ, ಒಳಗಿನ ಗೆರೆ ನೋಡಿ. ಸುತ್ತಲೂ ಒಂದೇ ಅಗಲದ, ಸ್ವಲ್ಪವೇ ಉಬ್ಬಿದ ಗೆರೆ ಕಾಣಬೇಕು. ಕೆಲವೆಡೆ ಎರಡು ಅಂಚು ಹಾಗೇ ಉಳಿದಿದ್ದರೆ ಅಲ್ಲಿ ನೀವು ತೂತಿಗೆ ಹೆದರಿ ಓಡಿದ್ದೀರಿ. ಹನಿಹನಿಯಾಗಿ ಜೋತುಬಿದ್ದಿದ್ದರೆ ಅಲ್ಲಿ ನಿಂತಿದ್ದೀರಿ. ಸೀಳಿದ ತುಂಡನ್ನು ವೈಸ್‌ನಲ್ಲಿ ಹಿಡಿದು ಸುತ್ತಿಗೆಯಿಂದ ಬಗ್ಗಿಸಿ, ಮುರಿಯುವುದಾದರೆ ಜಾಯಿಂಟ್ ಬಿಟ್ಟು ಪೈಪಿನ ಮೈಯಲ್ಲಿ ಮುರಿಯಬೇಕು. 16 ಗೇಜ್‌ನಲ್ಲಿ ಇದು ಮತ್ತೆ ಮತ್ತೆ ಸರಿ ಬಂದ ಮೇಲೆ 18ಕ್ಕೆ ಹೋಗಿ, ಆಮೇಲೆ 20. ಮೈಲ್ಡ್ ಸ್ಟೀಲಿನಲ್ಲಿ 20 ಹಿಡಿತಕ್ಕೆ ಬಂದ ನಂತರ ಸ್ಟೇನ್‌ಲೆಸ್‌ನ 16ರಿಂದ ಹೊಸದಾಗಿ ಶುರು ಮಾಡಿ.